ಕಂಡಕ್ಟರ್ ದೊಡ್ಡಪ್ಪನ ಕಾನಾ ಯಾತ್ರೆ

ನಮ್ಮ ದೊಡ್ಡಪ್ಪನಿಗೆ ಎಲ್ಲ ವಿದ್ಯೆಯೂ ಬರುತ್ತದೆ, ಪ್ರಯಾಣ ಮಾಡುವುದೊಂದು ಬಿಟ್ಟು. ನಂಬುವುದಿಲ್ಲವೇ? ಚಾಮರಾಜನಗರದಿಂದ ಗುಂಡ್ಲುಪೇಟೆಗೆ, ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಮೂವತ್ತು ಚಿಲ್ಲರೆ ವರ್ಷ ದಿನವೂ ಓಡಾಡಿದ ಮನುಷ್ಯ ಅವರು. ಆದರೆ ಓಡಾಡಿದ್ದು ಕಂಡಕ್ಟರಾಗಿ, ನಿಂತುಕೊಂಡು! ಕೂತು ಹೋಗುವವರದು ಬೇರೆಯದೇ ತಳಿ, ಅವರನ್ನು ಹತ್ತಿಸಿ, ಎಣಿಸಿ, ಇಳಿಸುವುದಷ್ಟೇ ತಮ್ಮ ಕೆಲಸ ಎಂದು ಅವರ ನಂಬಿಕೆ. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಈ ನಂಬಿಕೆ ನಿವೃತ್ತವಾಗಿಲ್ಲ.

ಇಂಥವರನ್ನು ವಿಮಾನ ಹತ್ತಿಸಿದರೆ ಏನಾಗಬೇಕು? ನಮ್ಮ ಚರ್ಚಿನಿಂದ ಮೂವತ್ತೆಂಟು ಜನ ಜೆರುಸಲೇಮ್ ಯಾತ್ರೆಗೆ ಹೊರಟಿದ್ದೆವು. ಅಲ್ಲಿ ಈಗಿನ ಗಲಾಟೆಯೆಲ್ಲ ಶುರುವಾಗುವ ಮುಂಚಿನ ಮಾತು. ದೊಡ್ಡಪ್ಪ, ದೊಡ್ಡಮ್ಮ, ಅವರಿಬ್ಬರ ಫಾರಂ ತುಂಬಲು ನಾನು. ವಿಮಾನದೊಳಗೆ ಕಾಲಿಟ್ಟ ದೊಡ್ಡಪ್ಪ ತಮ್ಮ ಸೀಟನ್ನು ಹುಡುಕಲಿಲ್ಲ. ದಾರಿಯ ನಡುವೆ ನಿಂತು, ಒಳಬರುವವರಿಗೆಲ್ಲ "ಇಂದಕ್ಕೋಗಿ, ಇಂದ್ಗಡೆ ಖಾಲಿ ಅದೆ" ಎಂದು ಕೈ ಬೀಸತೊಡಗಿದರು. ತಮಾಷೆಯೆಂದರೆ ಎಲ್ಲರೂ ಹಿಂದಕ್ಕೆ ಹೋದರು! ಯಾವ ದೇಶದವರೋ ಏನೋ, ಒಬ್ಬರೂ ಎದುರಾಡಲಿಲ್ಲ. ಗಗನಸಖಿ ಬಂದು ಅವರನ್ನು ಕೂರಿಸಿ ಬೆಲ್ಟು ಬಿಗಿಯುವ ಹೊತ್ತಿಗೆ ಅರ್ಧ ವಿಮಾನದ ಜನ ತಂತಮ್ಮ ಸೀಟು ಹುಡುಕಿಕೊಂಡು ಮುಂದಕ್ಕೆ ಬರುತ್ತಿದ್ದರು.

ಅರ್ಧ ವಿಮಾನ ಎಂದೆನಲ್ಲ, ಅದು ಉತ್ಪ್ರೇಕ್ಷೆ. ಐದಾರು ಜನ ಇದ್ದಿರಬೇಕು. ಹೇಳುತ್ತ ಹೇಳುತ್ತ ನನ್ನ ನೆನಪು ಹೀಗೆ ಜನರನ್ನು ತುಂಬಿಕೊಳ್ಳುತ್ತದೆ. ಓದುಗರು ಅಲ್ಲಲ್ಲಿ ಕೆಲವರನ್ನು ಇಳಿಸಿಕೊಂಡು ಓದಬೇಕು.

ಆದರೆ ಈ ಯಾತ್ರೆ ದೊಡ್ಡಪ್ಪನದಲ್ಲ, ದೊಡ್ಡಮ್ಮನದು. ಅವರಿಗೆ ಬೇಕಾಗಿದ್ದದ್ದು ಒಂದೇ ಊರು, ಕಾನಾ. ಮದುವೆಮನೆಯಲ್ಲಿ ಯೇಸುಸ್ವಾಮಿ ನೀರನ್ನು ದ್ರಾಕ್ಷಾರಸ ಮಾಡಿದ ಊರು. ಅಲ್ಲಿನ ಚರ್ಚಿನಲ್ಲಿ ಗಂಡಹೆಂಡಿರು ಕೈಕೈ ಹಿಡಿದು ನಿಂತು ಮದುವೆಯ ಮಾತನ್ನು ಮತ್ತೊಮ್ಮೆ ಕೊಡುವ ಪದ್ಧತಿಯಿದೆ ಎಂದು ಫಾದರ್ ಹೇಳಿದ ದಿನದಿಂದ ದೊಡ್ಡಮ್ಮ ಪಟ್ಟು ಹಿಡಿದಿದ್ದರು. ಏಕೆಂದರೆ ಅವರಿಗೊಂದು ಹಳೆಯ ಅನುಮಾನ. "ನಮ್ ಮದ್ವೇಲಿ ಫಾದರ್ ಕೇಳುದ್ರು, ಇವ್ರ ತುಟಿ ಅಲ್ಲಾಡ್ತು. ಸೌಂಡ್ ಬರ್ನಿಲ್ಲ ಕಣಪ್ಪ. ಹೂಂ ಅಂದ್ರೋ ಊಹೂಂ ಅಂದ್ರೋ ನಂಗಿನ್ನೂ ಗೊತ್ತಿಲ್ಲ. ಸಾಯೋಕೆ ಮುಂಚೆ ಒಂದ್ಸಲ ಕಿವಿಯಾರೆ ಕೇಳ್ಬೇಕು."

ನಲವತ್ತನಾಲ್ಕು ವರ್ಷ ಸಂಸಾರ ಮಾಡಿ ಇದೆಂಥ ಅನುಮಾನ! ನಾನು ವಿಚಾರಿಸಿದೆ. ಹೂಂ ಎಂದಿದ್ದೆ, ಹಾರ್ಮೋನಿಯಂ ಸದ್ದಿನಲ್ಲಿ ಕೇಳಿಸಲಿಲ್ಲ ಎಂದರು ದೊಡ್ಡಪ್ಪ. ಆ ಹೊತ್ತಿನಲ್ಲಿ ಹಾರ್ಮೋನಿಯಂ ಬಾರಿಸುವುದೇ ಇಲ್ಲ ಎಂದರು ದೊಡ್ಡಮ್ಮ. ನಮ್ಮಪ್ಪ ಬದುಕಿದ್ದಾಗ ಹೇಳುತ್ತಿದ್ದುದು ಇನ್ನೊಂದೇ. ಆಗಷ್ಟೇ ಕೆಲಸಕ್ಕೆ ಸೇರಿದ್ದ ಅವರಣ್ಣ ಗಾಬರಿಯಲ್ಲಿ "ರೈಟ್" ಎಂದುಬಿಟ್ಟನಂತೆ. ಈ ಮೂರನೆಯದು ಎಷ್ಟು ಸೊಗಸಾಗಿದೆಯೆಂದರೆ, ಖಂಡಿತ ಸುಳ್ಳಿರಬೇಕು.

ಕಾನಾದಲ್ಲಿ ಜೊತೆಗೆ ನಿಲ್ಲುತ್ತೀರಾ ಎಂದು ಊರಲ್ಲೇ ಕೇಳಿದ್ದೆ. ದೊಡ್ಡಪ್ಪ ಕಾನೂನು ತೆಗೆದರು. "ಒಂದ್ಸಲ ಟಿಕೆಟ್ ಅರ್ದು ಕೊಟ್ಮೇಲೆ ಅದೇ ಪ್ಯಾಸೆಂಜರ್‌ಗೆ ಇನ್ನೊಂದ್ ಟಿಕೆಟ್ ಯಾವನ್ಲಾ ಕೊಡ್ತಾನೆ? ಬುಡು ಅತ್ಲಾಗೆ."

ಜೆರುಸಲೇಮ್ ತಲುಪಿದ ಮೇಲೆ ನಮಗೊಂದು ದೊಡ್ಡ ಬಸ್ಸು, ಒಬ್ಬ ಡ್ರೈವರು, ಒಬ್ಬ ಗೈಡು. ಕಂಡಕ್ಟರ್ ಇಲ್ಲ! ಆ ದೇಶದ ದೊಡ್ಡ ಕೊರತೆ ಇದೇ ಎಂದು ದೊಡ್ಡಪ್ಪನಿಗೆ ಕೂಡಲೇ ಹೊಳೆಯಿತು. ಅವರ ಜೇಬಿನಿಂದ ಹಳೆಯ ವಿಶಲ್ ಹೊರಬಂತು. ಬಾಗಿಲ ಬಳಿ ಕಂಬ ಹಿಡಿದು ನಿಂತುಬಿಟ್ಟರು.

ಮೊದಲ ದಿನ ಬೆತ್ಲೆಹೇಮಿನಿಂದ ಹೊರಡುವಾಗ ಎಣಿಸಿದರು. ಮೂವತ್ತೇಳು. ಮತ್ತೆ ಎಣಿಸಿದರು. ಮೂವತ್ತೇಳೇ. ಒಬ್ಬರು ಕಮ್ಮಿ! ಬಿಸಿಲಲ್ಲಿ ಎಲ್ಲರೂ ಇಳಿದು ಅಂಗಡಿ, ಗಲ್ಲಿ, ಶೌಚಾಲಯ ಎಲ್ಲ ಹುಡುಕಿದೆವು. ಕಾಣೆಯಾದವರು ಯಾರೆಂದು ಯಾರಿಗೂ ಗೊತ್ತಿಲ್ಲ, ಆದರೂ ಹುಡುಕಿದೆವು. ಇಬ್ಬರು ಹೆಂಗಸರು, ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋಣಿಯವರಿಗೆ ಹರಕೆ ಹೊತ್ತರು. ಮುಕ್ಕಾಲು ಗಂಟೆಯಾದ ಮೇಲೆ ಫಾದರ್ ಮೆಲ್ಲಗೆ ದೊಡ್ಡಪ್ಪನ ಎದೆಯ ಮೇಲೆ ಬೆರಳಿಟ್ಟು, "ಆ ಮೂವತ್ತೆಂಟನೆಯವರು ಇವರಲ್ಲವೇ?" ಎಂದರು. ಬಸ್ಸಿನ ಲೆಕ್ಕದಲ್ಲಿ ಕಂಡಕ್ಟರ್ ಎಂದೂ ತನ್ನನ್ನು ಸೇರಿಸಿಕೊಳ್ಳುವುದಿಲ್ಲ. ಎಲ್ಲರೂ ನಕ್ಕರು. ದೊಡ್ಡಪ್ಪ ನಗಲಿಲ್ಲ. ಲೆಕ್ಕ ತಪ್ಪಿದ್ದಕ್ಕಿಂತ, ತಾವೂ ಪ್ರಯಾಣಿಕ ಎಂಬ ಸುದ್ದಿಯೇ ಅವರಿಗೆ ಹೆಚ್ಚು ನೋವು ಕೊಟ್ಟಂತಿತ್ತು.

ಅಂದಿನಿಂದ ಅವರ ಲೆಕ್ಕ ಬದಲಾಯಿತು. ಕೂತವರು ಮೂವತ್ತೇಳು, ತಾವೊಬ್ಬರು, ಸರಿ, ಎರಡು ವಿಶಲ್, ರೈಟ್. ಮೂರನೆಯ ದಿನದ ಹೊತ್ತಿಗೆ ಡ್ರೈವರು ಗೈಡನ ಮಾತಿಗೆ ಅಲುಗಾಡುತ್ತಲೇ ಇರಲಿಲ್ಲ. ದೊಡ್ಡಪ್ಪ ಊದಬೇಕು, ಬಸ್ಸು ಹೊರಡಬೇಕು. ದೊಡ್ಡಪ್ಪ, ಡ್ರೈವರು ಇಬ್ಬರಿಗೂ ಬರುವ ಭಾಷೆ ಒಂದೂ ಇರಲಿಲ್ಲ, ಆದರೂ ದಿನವಿಡೀ ಮಾತಾಡುತ್ತಿದ್ದರು. ನಜರೇತ್ ಹತ್ತಿರವಾದಾಗ ದೊಡ್ಡಪ್ಪ, ಗುಂಡ್ಲುಪೇಟೆ ದಾರಿಯಲ್ಲಿ ಉಡಿಗಾಲ ಸ್ಟಾಪ್ ಬಂತೆಂದು ಕೂಗುತ್ತಿದ್ದ ಅದೇ ರಾಗದಲ್ಲಿ, "ನಜರೇತ್ ಇಳಿಯೋರು ಮುಂದುಕ್ಬನ್ನಿ" ಎಂದರು. ಜಪಸರ ಹಿಡಿದು ಧ್ಯಾನದಲ್ಲಿದ್ದ ಹೆಂಗಸರು ಬೆಚ್ಚಿಬಿದ್ದು ಮುಂದಕ್ಕೆ ಬಂದರು!

ಕಾನಾ ಬಂತು. ದೊಡ್ಡಮ್ಮ ಬೆಳಿಗ್ಗೆಯೇ ಪೆಟ್ಟಿಗೆಯ ತಳದಿಂದ ಹಸಿರು ರೇಷ್ಮೆ ಸೀರೆ ತೆಗೆದು ಉಟ್ಟಿದ್ದರು. (ಹಸಿರೋ ನೀಲಿಯೋ? ಫೋಟೋದಲ್ಲಿ ಹಸಿರು. ನೆನಪಿನಲ್ಲಿ ನೀಲಿ. ಫೋಟೋ ಗೆಲ್ಲಲಿ.) ಚರ್ಚಿನೊಳಗೆ ಒಂಬತ್ತು ಜೋಡಿಗಳು ಕೈಕೈ ಹಿಡಿದು ಸಾಲಾಗಿ ನಿಂತವು. ದೊಡ್ಡಮ್ಮನ ಪಕ್ಕದ ಜಾಗ ಖಾಲಿ. ನಾನು ಹೊರಗೋಡಿದೆ. ದೊಡ್ಡಪ್ಪ ಬಸ್ಸಿನ ಚಕ್ರ ಒದ್ದು ನೋಡುತ್ತಿದ್ದರು.

ದೊಡ್ಡಮ್ಮ ಕಾಯುತ್ತಿದ್ದಾರೆ ಎಂದೆ.

"ಬಸ್ಸುನ್ನ ಯಾರ್ ನೋಡ್ಕತಾರೆ?"

ಡ್ರೈವರ್ ಇದ್ದಾರಲ್ಲ ಎಂದೆ. ಅವರು ಚಕ್ರ ಬಿಟ್ಟು ನನ್ನತ್ತ ತಿರುಗಲಿಲ್ಲ. "ಅಷ್ಟ್ ಜನದ್ ಮುಂದೆ ನಂಗೆ ಬಾಯ್ ಬರಕಿಲ್ಲ ಕಣ್ಲಾ. ಆವತ್ತೂ ಬರ್ನಿಲ್ಲ."

ತುಂಬಿದ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಕೇಳಿಸುವಂತೆ ಕೂಗುತ್ತಿದ್ದ ಗಂಟಲು ಹೀಗೆ ಹೇಳಿತು. ನಾನು ಮತ್ತೆ ಒಳಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ದೊಡ್ಡಮ್ಮ ಕೊನೆಯ ಬೆಂಚಿನಲ್ಲಿ ಕೂತಿದ್ದರು. "ನೀ ಓಗಿರಪ್ಪ, ಬತ್ತೀನಿ" ಎಂದರು. ನಾನು ಹೋದೆ. ಹೋಗಬಾರದಿತ್ತು.

ಆಮೇಲೆ ನಡೆದದ್ದು ಇಷ್ಟು. ದಿನವೂ ಮುಂದೆ ನಿಂತು ಮೈಕಿನಲ್ಲಿ ಮಾತಾಡುವ ಗೈಡಿಗೆ ಅವತ್ತು ಮಂಡಿ ನೋವು. ಖಾಲಿ ಕಂಡ ಸೀಟಿನಲ್ಲಿ ಕೂತ. ಅದು ದೊಡ್ಡಮ್ಮನ ಸೀಟು. ದೊಡ್ಡಪ್ಪ ಎಣಿಸಿದರು. ಕಂಡಕ್ಟರ್ ಮುಖ ನೋಡುವುದಿಲ್ಲ, ತಲೆ ನೋಡುತ್ತಾನೆ. ಮೂವತ್ತೇಳು ತಲೆ, ತಾವೊಬ್ಬರು, ಸರಿ. ಎರಡು ವಿಶಲ್. ಬಸ್ಸು ಹೊರಟಿತು. ನಾನಾದರೂ ನೋಡಬೇಡವೇ? ನಾನು ನಿದ್ದೆ ಹೋಗಿದ್ದೆ ಎಂದು ನೆನಪು. ಮೊಬೈಲ್ ನೋಡುತ್ತಿದ್ದೆ ಎಂಬುದು ಹೆಚ್ಚು ನಿಜವಿರಬೇಕು. ನಿದ್ದೆಗೆ ಮರ್ಯಾದೆ ಜಾಸ್ತಿ ಎಂದು ನೆನಪು ಅದನ್ನು ಆರಿಸಿಕೊಂಡಿದೆ.

ಹತ್ತು ನಿಮಿಷದ ಮೇಲೆ ಗೈಡು ಮಾತಾಡಲೆಂದು ಸೀಟಿನಿಂದ ಎದ್ದು ನಿಂತ. ದೊಡ್ಡಪ್ಪ ಅವನನ್ನು ನೋಡಿದರು, ಖಾಲಿಯಾದ ಸೀಟನ್ನು ನೋಡಿದರು. ವಿಶಲ್ ಬಾಯಿಗಿಟ್ಟರು, ಗಾಳಿ ಬರಲಿಲ್ಲ. ಕೊನೆಗೆ ಡ್ರೈವರನ ಭುಜ ಹಿಡಿದು ಅಲ್ಲಾಡಿಸಿದರು. ಅವನು ಒಂದು ಪ್ರಶ್ನೆಯನ್ನೂ ಕೇಳದೆ ಬಸ್ಸು ತಿರುಗಿಸಿದ.

ಬಸ್ಸು ನಿಲ್ಲುವ ಮುಂಚೆಯೇ ಅವರು ಇಳಿದು ಓಡಿದರು. ಎಪ್ಪತ್ತು ದಾಟಿದ ಮನುಷ್ಯ! ನಾನು ಹಿಂದೆಯೇ ಓಡಿದೆ. ಚರ್ಚಿನೊಳಗೆ ಆಗಲೇ ಇನ್ನೊಂದು ದೇಶದ ಗುಂಪು ಬಂದು, ಅವರ ಜೋಡಿಗಳು ಕೈಕೈ ಹಿಡಿದು ನಿಂತಿದ್ದವು. ದೊಡ್ಡಮ್ಮ ಅದೇ ಬೆಂಚಿನಲ್ಲಿ ಕೂತು ಅವರನ್ನೇ ನೋಡುತ್ತಿದ್ದರು. ಅತ್ತಿರಲಿಲ್ಲ. ಗಂಡನನ್ನು ಕಂಡು ಬಯ್ಯಲೂ ಇಲ್ಲ.

"ಎರಡ್ ಸಲ ಊದುದ್ರಿ," ಎಂದರು. "ಇಲ್ಲಿಗೇ ಕೇಳುಸ್ತು."

ದೊಡ್ಡಪ್ಪ ವಿಶಲನ್ನು ಜೇಬಿಗೆ ಹಾಕಿಕೊಂಡರು. ಅಷ್ಟರಲ್ಲಿ ಮುಂದೆ ನಿಂತಿದ್ದ ಆ ಗುಂಪಿನ ಪಾದ್ರಿಗಳು ಅವರ ಭಾಷೆಯಲ್ಲಿ ಏನೋ ಕೇಳಿದರು. ಯಾವ ಭಾಷೆಯೋ, ಏನು ಪ್ರಶ್ನೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ದೊಡ್ಡಪ್ಪ ಬಗ್ಗಿ ದೊಡ್ಡಮ್ಮನ ಕೈ ಹಿಡಿದು ಎಬ್ಬಿಸಿ ನಿಲ್ಲಿಸಿದರು. ಆ ಜೋಡಿಗಳೆಲ್ಲ ಉತ್ತರ ಕೊಡುವ ಮೊದಲೇ, ಇಡೀ ಚರ್ಚು ತಿರುಗಿ ನೋಡುವಂತೆ "ಹೂಂ" ಎಂದರು. ಆಮೇಲೆ ದನಿ ತಗ್ಗಿಸಿ, ನಾನು ಅವರ ಬಾಯಲ್ಲಿ ಹಿಂದೆ ಎಂದೂ ಕೇಳದ ಸಲುಗೆಯಲ್ಲಿ, ಅರವತ್ತಾರು ವರ್ಷದ ಆ ಹುಡುಗಿಗೆ ಹೇಳಿದರು.

"ಹೂಂ ಕಣಮ್ಮಿ."

ದೊಡ್ಡಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ಅದರೊಳಗೆ ನಕ್ಕರೋ ಅತ್ತರೋ ನನಗೆ ಕಾಣಲಿಲ್ಲ. ಯಾವುದಾದರೊಂದನ್ನು ಬರೆದುಬಿಡಬಹುದು. ಬರೆಯುವುದಿಲ್ಲ.