ಮಾವನವರು ಹುಡುಕಿದ ದೇವರ ಸೊಪ್ಪು

ನಮ್ಮ ಮಾವನವರು ನಾಸ್ತಿಕರೆಂದು ಚಿತ್ತಾಪುರದವರು ಯಾರಾದರೂ ಹೇಳಿದರೆ ನಂಬಬೇಡಿ. ದೇವರಿದ್ದಾನೆ ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಅವನು ಯಾವ ಗಿಡದಿಂದ ಬಂದ ಎಂಬುದಷ್ಟೇ ಅವರ ತಕರಾರು!

ಅವರು ಶಾಲೆಯ ಮಾಸ್ತರರು. ರಜಾಕಾರರ ಗಲಾಟೆಯಲ್ಲಿ ಜೀವ ಉಳಿಸಿಕೊಳ್ಳಲು ಸೊಲ್ಲಾಪುರಕ್ಕೆ ಓಡಿದ್ದರು. ತಿರುಗಿ ಬರುವಷ್ಟರಲ್ಲಿ ಅತ್ತೆ ಜ್ವರದಲ್ಲಿ ತೀರಿಹೋಗಿದ್ದರು. ಕೊನೆಯ ಮಾತೂ ಇಲ್ಲ, ಮುಖವೂ ಇಲ್ಲ. ನಾನು ಸೊಸೆಯಾಗಿ ಬಂದಾಗ ಅವರಿಗೆ ಹಸಿವು ಬಿಟ್ಟುಹೋಗಿ, ಗಿಡದ ಹುಚ್ಚು ಹಿಡಿದಿತ್ತು.

"ಹಿಂದಿನವ್ರು ಯಾವುದೋ ಸೊಪ್ಪು ತಿಂದು ಸತ್ತವ್ರ ಜೋಡಿ ಮಾತಾಡ್ತಿದ್ರು ಯವ್ವಾ. ಧರ್ಮ ಹುಟ್ಟಿದ್ದೇ ಅಲ್ಲಿಂದ. ಇಲ್ಲಾಂದ್ರ ಶಿವಗ ದತ್ತೂರಿ ಹೂವು ಯಾಕ ಏರಸ್ತಾರ?"

ನನಗೇನು ಗೊತ್ತು? ಹಿತ್ತಲಿನ ದತ್ತೂರಿ ಗಿಡವನ್ನು ಅಂದೇ ಕಿತ್ತೆಸೆದೆ. ಧರ್ಮ ಎಲ್ಲಿಂದಾದರೂ ಹುಟ್ಟಲಿ, ಮಾವನವರು ಉಳಿಯಬೇಕಲ್ಲ!

ಪಾದಪೂಜೆಗೆ ಬಂದ ಅಯ್ಯನವರನ್ನೂ ಅವರು ಬಿಡಲಿಲ್ಲ. "ನಿಮ್ಮ ಮೂಲ ಗುರುಗಳು ಏನು ತಿಂತಿದ್ರು ಅಯ್ಯನೋರೆ?"

ಅಯ್ಯನವರು ಅಡುಗೆಮನೆಯ ಕಡೆ ಮೂಗೆತ್ತಿ, "ಹೋಳಿಗಿರಿ" ಎಂದರು.

ಹೋಳಿಹುಣ್ಣಿಮೆಗೆ ಮಾವನವರು ಭಂಗಿ ಕುಡಿದು, "ದೇವರು ಬಂದ ಕೂಡಲೇ ಕೇಳು, ಎಲ್ಲಾ ಹೇಳ್ತೀನಿ" ಎಂದು ನನ್ನನ್ನು ಎದುರಿಗೆ ಕೂರಿಸಿಕೊಂಡರು. ಎಮ್ಮೆಯ ಕೊರಳು ತಬ್ಬಿ ಅತ್ತರು. ದಿನವೂ ಅರ್ಧ ರೊಟ್ಟಿಗೆ ಏಳುತ್ತಿದ್ದವರು ಅಂದು ಬುಟ್ಟಿ ಖಾಲಿ ಮಾಡಿದರು!

"ದೇವರು ಬಂದಿದ್ದನೇನ್ರಿ ಮಾವಾರ?"

"ಬಂದಿದ್ದ. ಭಾಳ ಹಸ್ದಿದ್ದ!"

ಮುಧೋಳದ ಮುದುಕಿಯೊಬ್ಬಳ ಮೈಮೇಲೆ ದೇವಿ ಬರುತ್ತಾಳೆಂಬ ಸುದ್ದಿ ಬಂದದ್ದೇ ತಡ, "ಹೊಗಿಯೊಳಗ ಸೊಪ್ಪು ಹಾಕಿರ್ತಾರ, ಹಿಡಿದೇ ಬರ್ತೀನಿ" ಎಂದು ಹೊರಟರು. ಬುತ್ತಿ ಕಟ್ಟಿಕೊಂಡು ನಾನೂ ಹಿಂದೆ ಹೋದೆ. ಕೆಂಡದ ಮುಂದೆ ಕುಳಿತು ಹೊಗೆ ಮೂಸಿದ್ದೇ ಮೂಸಿದ್ದು. ಮೂಗು ಸುಡುವುದೊಂದು ಬಾಕಿ!

ಮುದುಕಿ ಬೇವಿನ ಸೊಪ್ಪು ಹಿಡಿದು ತೂಗಾಡುತ್ತಾ, "ಏನು ಬೇಕು, ಕೇಳಪ್ಪ" ಎಂದಳು. 'ಯಾವ ಸೊಪ್ಪು' ಎಂದು ಇನ್ನೇನು ಕೇಳುತ್ತಾರೆಂದು ನಾನು ಸೆರಗು ಕಚ್ಚಿ ನಗು ತಡೆದೆ.

ಮಾವನವರು ಟೋಪಿ ತೆಗೆದರು. "ನಮ್ಮಾಕಿ ಅಲ್ಲಿ ಆರಾಮ ಅದಾಳೇನು ತಾಯಿ?"

"ಅದಾಳಪ್ಪ. ನೀ ಹೊಟ್ಟಿತುಂಬ ಉಣ್ಣಾಕತ್ತಿಯೋ ಇಲ್ಲೋ ಅಂತ ಕೇಳಾಕತ್ತಾಳ."

ಬಸ್ಸಿನಲ್ಲಿ ಅವರ ಉಪನ್ಯಾಸಕ್ಕಾಗಿ ಕಾದೆ. ಆಮೇಲೆ ಮೆಲ್ಲಗೆ, "ಚೆಂದಂಗ ಮೂಸಿ ನೋಡೀನಿ ಯವ್ವಾ. ಬರೇ ಲೋಬಾನದ ಹೊಗಿ. ಯಾವ ಸೊಪ್ಪೂ ಇರ್ಲಿಲ್ಲ" ಎಂದರು. ಅವರ ಕಣ್ಣು ತುಂಬಿತ್ತು.

ಬುತ್ತಿ ಬಿಚ್ಚಿ ಮುಂದಿಟ್ಟೆ. ಒಂದು ರೊಟ್ಟಿ ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದರು.