ಕಣ್ಣಿಗೊತ್ತಿಕೊಂಡ ಗಂಟು

ಈ ಬೇಸಿಗೆಯಲ್ಲಿ ನನ್ನ ಗಂಡನಿಗೆ ಒಂದು ಮೀನು ಹಿಡಿಸಿಕೊಟ್ಟೇ ತೀರುತ್ತೇನೆಂದು ನಾನು ಶಪಥ ಮಾಡಿದೆ. ಏಕಾದಶಿಯ ದಿನ ಈರುಳ್ಳಿಯ ಬುಟ್ಟಿಯನ್ನೂ ತಿರುಗಿ ನೋಡದ ಮನೆಯಿಂದ ಬಂದವಳ ಬಾಯಲ್ಲಿ ಇಂಥ ಮಾತೇ ಎಂದು ಹುಬ್ಬೇರಿಸಬೇಡಿ. ಇದು ಹೊಟ್ಟೆಯ ಪ್ರಶ್ನೆಯಲ್ಲ, ಶನಿವಾರಗಳ ಪ್ರಶ್ನೆ!

ನಮ್ಮೆಜಮಾನರು ಕಶ್ಯಪ್, ಅಮೆರಿಕದ ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರು. ಅವರ ಆಫೀಸಿನ ಕಾಫಿ ಮೆಷಿನ್ ಪಕ್ಕ ಒಂದು ಬೋರ್ಡಿದೆ. ಅದರ ತುಂಬ ಜೊತೆಯವರು ಒಂದೊಂದು ಬ್ಯಾಸ್ ಮೀನನ್ನು ಎತ್ತಿ ಹಿಡಿದು ಹಲ್ಲು ಕಿರಿದಿರುವ ಫೋಟೋಗಳು. ಅಲ್ಲಿ ಫೋಟೋ ಇಲ್ಲದ ಬಡಪಾಯಿ ಇವರೊಬ್ಬರೇ. ಆ ಕೊರಗಿನಲ್ಲಿ ಹೋದ ಬೇಸಿಗೆಯಿಂದ ನಮ್ಮ ಶನಿವಾರಗಳೆಲ್ಲ ಕೆರೆಪಾಲಾಗಿವೆ. ಬೆಳಗಾಗುವ ಮುಂಚೆ ಗಾಳಗಳನ್ನು ಹೊತ್ತು ಹೊರಡುತ್ತಾರೆ. ಸಂಜೆ ಮೂಗು ಕೆಂಪಗೆ ಮಾಡಿಕೊಂಡು ಬರಿಗೈಯಲ್ಲಿ ಬರುತ್ತಾರೆ. ನಾನು ಮನೆ ಹತ್ತಿರದ ಮುಕಿಲ್ಟಿಯೊದ ಕಡಲ ದಂಡೆಯಲ್ಲಿ ಒಬ್ಬಳೇ ಕೂತು ಹೋಗುವ ಬರುವ ಫೆರಿ ಹಡಗುಗಳಿಗೆ ಕೈ ಬೀಸುತ್ತೇನೆ. ಈಗೀಗ ಫೆರಿಯ ಸಿಬ್ಬಂದಿಯೇ ನನ್ನನ್ನು ಹುಡುಕಿ ಕೈ ಬೀಸುತ್ತಾರೆ!

“ರೀ, ನೀವು ಮೀನು ತಿನ್ನಲ್ಲ, ಮಾರಲ್ಲ. ಹಿಡಿದು ಏನ್ ಮಾಡ್ತೀರಿ?”

“ವಾಪಸ್ ನೀರಿಗೆ ಬಿಡ್ತೀನಿ.”

“ಬಿಡೋದಕ್ಕೆ ಹಿಡೀಬೇಕಾ? ಇಷ್ಟು ದಿನ ಕೆರೇಲಿರೋ ಅಷ್ಟೂ ಮೀನನ್ನ ಬಿಟ್ಟೇ ಇದೀರಲ್ಲ!”

“ಒಂದೇ ಒಂದು ಬ್ಯಾಸ್ ಕಣೇ, ಸ್ಪಂದನಾ. ಕೈಯಲ್ಲಿ ಹಿಡ್ಕೊಂಡು ಒಂದು ಫೋಟೋ. ಆ ಫೋಟೋ ಬೋರ್ಡಿಗೆ ಏರಿದ ದಿನವೇ ಗಾಳ ಎಲ್ಲ ಎತ್ತಿಡ್ತೀನಿ. ಆಮೇಲೆ ಶನಿವಾರ ಪೂರ್ತಿ ನಿಂದು.”

“ಈ ಶನಿವಾರ ನಾನೂ ಬರ್ತೀನಿ. ದಾರ ನಾನು ಆರಿಸ್ತೀನಿ, ಗಂಟೂ ನಾನೇ ಹಾಕ್ತೀನಿ. ನೀವು ಬರೀ ಹಿಡೀರಿ.”

“ಫೋಟೋ ಸಿಗ್ದೇ ಇದ್ರೆ ಸೆಪ್ಟೆಂಬರ್ ಮುಗಿಯೋವರೆಗೂ ಮೀನಿನ ವಿಷಯಕ್ಕೆ ನೀನು ತುಟಿ ಬಿಚ್ಚಬಾರ್ದು. ಒಪ್ಪಿಗೇನಾ?”

ಒಪ್ಪಿಗೆಯೇ! ಮೀನು ಏಕೆ ಸಿಗುತ್ತಿಲ್ಲವೆಂದು ನಾನು ಆಗಲೇ ಪತ್ತೆ ಹಚ್ಚಿದ್ದೆ. ಈ ಮಹಾನುಭಾವರು ಮೂರು ಗಾಳಕ್ಕೂ ಒಂದೇ ದಾರ ಸುತ್ತಿಕೊಂಡು ತಿರುಗುತ್ತಿದ್ದರು. ದಾರವೆಂದರೆ ಪಾಲಿಮರ್, ಪಾಲಿಮರ್ ಎಂದರೆ ನಾನು. ಅರಸೀಕೆರೆಯ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಬೀಕರಿನಿಂದ ನೈಲಾನ್ ಎಳೆಯನ್ನು ಒಮ್ಮೆಯೂ ತುಂಡಾಗದಂತೆ ಎಳೆದು ತೆಗೆದವಳು ನಾನು ಎಂದು ಇವರಿಗೆ ಮದುವೆಗೆ ಮುಂಚೆಯೇ ಹೇಳಿದ್ದೆ. ಅವರದನ್ನು ಮರೆತಿದ್ದರು, ಅಷ್ಟೆ.

ಊಟದ ಮೇಜು ಅಂದಿನಿಂದ ಶಸ್ತ್ರಾಗಾರವಾಯಿತು. ನೀರಿನ ಮೇಲೆ ಕುಪ್ಪಳಿಸುತ್ತ ಹೋಗುವ, ಆಮಿಷದ ಗೊಂಬೆಮೀನಿಗೆ ಮೊನೊ ದಾರ. ಅದು ಅಪ್ಪಟ ನೈಲಾನ್. ನೀರಲ್ಲಿ ಬೇಗ ಮುಳುಗದು, ಎಳೆದರೆ ಸಮಾಧಾನವಾಗಿ ಹಿಗ್ಗುತ್ತದೆ. ನೀರುಸೊಪ್ಪಿನ ಪೊದೆಯಲ್ಲಿ ಅಡಗಿದ ಮೀನಿಗೆ ಬ್ರೇಡ್. ಅದು ನನ್ನ ಶಾಲೆಯ ದಿನಗಳ ಜಡೆಯಂತೆ ಬಿಗಿಯಾಗಿ ಹೆಣೆದದ್ದು. ಹಿಗ್ಗುವುದಿಲ್ಲ, ಸುಲಭಕ್ಕೆ ಕಡಿಯುವುದಿಲ್ಲ, ಸೊಪ್ಪಿನ ಸಮೇತ ಎಳೆದು ತರುತ್ತದೆ. ಇನ್ನು ತಿಳಿನೀರಿನ ತಳದಲ್ಲಿ ಎಲ್ಲವನ್ನೂ ಅನುಮಾನಿಸುತ್ತ ತಿರುಗುವ ಜಾಣ ಮೀನಿಗೆ ಫ್ಲೋರೋಕಾರ್ಬನ್. ನೀರಿಗಿಳಿದರೆ ಮುಳುಗುತ್ತದೆ, ಕಣ್ಣಿಗೆ ಕಂಡೂ ಕಾಣದು. ಅದರ ತುದಿಗೆ ಪ್ಲಾಸ್ಟಿಕ್ ಹುಳು. ನಮ್ಮ ಹುಳುವೂ ಸಸ್ಯಾಹಾರವೇ!

“ಅಡುಗೆಗೂ ಇಷ್ಟು ತಲೆ ಓಡಿಸಿದ್ರೆ…” ಎಂದು ಇವರು ಶುರು ಮಾಡಿದರು.

“ಶನಿವಾರದ ಅಡುಗೆ ನಿಮ್ಮ ಪಾಳಿ. ಹೋದ ಬೇಸಿಗೆಯಿಂದ ಬಾಕಿ ಇದೆ,” ಎಂದೆ.

ಕೊಕ್ಕೆಗೆ ದಾರದ ಗಂಟು ಹಾಕುವುದನ್ನು ಯೂಟ್ಯೂಬ್ ನೋಡಿ ಕಲಿತೆ. ಇವರು ಪಕ್ಕದಲ್ಲೇ ಆಫೀಸಿನ ಕಾಲ್‌ನಲ್ಲಿದ್ದುದರಿಂದ ಸದ್ದನ್ನು ಪೂರ್ತಿ ನಿಲ್ಲಿಸಿದ್ದೆ. ಗಡ್ಡದ ಸಜ್ಜನನೊಬ್ಬ ದಾರವನ್ನು ಸುತ್ತಿ, ತೂರಿಸಿ, ಬಿಗಿಯುವ ಮುನ್ನ ಪ್ರತಿ ಸಲವೂ ಗಂಟನ್ನು ತುಟಿಗೆ ತಾಗಿಸಿಕೊಳ್ಳುತ್ತಿದ್ದ. ನೋಡಿ ನನ್ನ ಕಣ್ಣು ತುಂಬಿ ಬಂತು. ಕಸುಬಿನ ಮೇಲೆ ಎಂಥ ಭಕ್ತಿ! ಅವರು ಮುತ್ತಿಡುತ್ತಾರೆ, ನಾವು ಕಣ್ಣಿಗೊತ್ತಿಕೊಳ್ಳುತ್ತೇವೆ, ವ್ಯತ್ಯಾಸ ಅಷ್ಟೇ. ನಾನೂ ಒಂದೊಂದು ಗಂಟನ್ನೂ ಎರಡು ಕಣ್ಣಿಗೂ ಒತ್ತಿಕೊಂಡು ಬಿಗಿದೆ.

“ಇದೇನೇ, ಗಾಳಕ್ಕೆ ನಮಸ್ಕಾರ?”

“ನಿಮಗೆ ಶ್ರದ್ಧೆ ಇಲ್ಲ. ಅದಕ್ಕೇ ಮೀನಿಲ್ಲ.”

ಶನಿವಾರ ಬಂತು. ದೋಣಿ ಡೇಲ್ ಅವರದು. ಕಶ್ಯಪ್ ತಂಡದ ಹಿರಿಯರು, ಮಿತಭಾಷಿ. ಅವರ ಇಂಗ್ಲಿಷನ್ನು ನಾನು ಕನ್ನಡದಲ್ಲೇ ಹೇಳಿಬಿಡುತ್ತೇನೆ. ಮರ್ಸರ್ ಐಲ್ಯಾಂಡ್‌ನ ಬದಿಯಲ್ಲಿ ದೋಣಿ ಇಳಿಸಿದಾಗ ಲೇಕ್ ವಾಷಿಂಗ್ಟನ್ ಇನ್ನೂ ನಿದ್ದೆಗಣ್ಣಿನಲ್ಲಿತ್ತು. ದಡದ ಮನೆಗಳ ಕಿಟಕಿಗಳು ಬೆಳಕನ್ನು ನೀರಿಗೆ ಮೆಲ್ಲಗೆ ಚೆಲ್ಲುತ್ತಿದ್ದವು. ದೂರದಲ್ಲಿ ರೇನಿಯರ್ ಪರ್ವತ, ಆಕಾಶದಲ್ಲಿ ಯಾರೋ ಒಣಹಾಕಿ ಮರೆತ ಬಿಳಿ ಪಂಚೆಯಂತೆ ತೂಗುತ್ತಿತ್ತು. ಇಷ್ಟು ಚೆಂದದ ಬೆಳಗುಗಳನ್ನು ಇಷ್ಟು ದಿನ ಒಬ್ಬರೇ ನೋಡಿದ್ದಾರಲ್ಲ ಎಂದು ಇವರ ಮೇಲೆ ಸಿಟ್ಟು ಇಮ್ಮಡಿಯಾಯಿತು.

ಡೇಲ್ ನನ್ನ ಗಾಳಗಳನ್ನು ಒಂದೊಂದಾಗಿ ಎತ್ತಿ ನೋಡಿದರು. “ದಾರ ಆರಿಸಿದ್ದು ಯಾರು? ಒಂದೂ ತಪ್ಪಿಲ್ಲ!”

ನಾನು ಹಿಗ್ಗಿದ ರಭಸಕ್ಕೆ ದೋಣಿ ನನ್ನ ಕಡೆ ಕೊಂಚ ವಾಲಿತೆಂದೇ ನನ್ನ ನಂಬಿಕೆ.

ಮೊದಲು ಮೊನೊ. ಗೊಂಬೆಮೀನು ನೀರಿನ ಮೇಲೆ ಲಕ್ಷಣವಾಗಿ ಕುಪ್ಪಳಿಸಿತು. ಒಂದು ಬಾತುಕೋಳಿ ಹತ್ತಿರ ಬಂದು ನೋಡಿ, ತಲೆ ಕೊಡವಿ ಹೋಯಿತು. ಅಷ್ಟೇ.

ಆಮೇಲೆ ಬ್ರೇಡ್. ಸೊಪ್ಪಿನ ಪೊದೆಗೆ ಬೀಸಿದ್ದೇ ತಡ, ಏನೋ ಭಾರವಾಗಿ ಕಚ್ಚಿಕೊಂಡಿತು. ಇವರು ಗರಗರನೆ ಹಿಡಿ ತಿರುಗಿಸಿದರು, ಇನ್ನೂ ತಿರುಗಿಸಿದರು.

“ಸ್ಪಂದನಾ! ಚಕ್ರ ತಿರುಗ್ತಿದೆ, ದಾರ ಬರ್ತಾ ಇಲ್ಲ!”

ಡೇಲ್ ಬಗ್ಗಿ ನೋಡಿದರು. ಬ್ರೇಡ್ ಬಲು ನುಣುಪಂತೆ. ಅದರಡಿಯಲ್ಲಿ ಮೊದಲು ಒಂದಿಷ್ಟು ಮೊನೊ ಸುತ್ತಿಕೊಳ್ಳದಿದ್ದರೆ ಸುರುಳಿಗೆ ಸುರುಳಿಯೇ ಚಕ್ರದ ಮೇಲೆ ಜಾರುತ್ತ ಕೂರುತ್ತದಂತೆ. ಇದನ್ನು ಅರಸೀಕೆರೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ! ಕೊನೆಗೆ ಇವರು ಕೈಗೆ ಟವೆಲ್ ಸುತ್ತಿಕೊಂಡು, ಬಾವಿಯಿಂದ ಕೊಡ ಸೇದುವಂತೆ ದಾರ ಸೇದಿದರು. ಮೇಲೆ ಬಂದದ್ದು ಒಂದು ದೊಡ್ಡ ಕಂತೆ ನೀರುಸೊಪ್ಪು.

“ಸೊಪ್ಪು ಸಿಕ್ತು ಕಣೇ. ಹುಳಿ ಮಾಡ್ತೀಯಾ?”

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಬ್ರಹ್ಮಾಸ್ತ್ರ ಇನ್ನೂ ಬಾಕಿಯಿತ್ತು. ಫ್ಲೋರೋಕಾರ್ಬನ್ ಸದ್ದಿಲ್ಲದೆ ತಳಕ್ಕಿಳಿಯಿತು. ಕೋಲಿನ ತುದಿ ತೊನೆಯಿತು, ಬಾಗಿತು, ಬಿಲ್ಲಾಯಿತು! “ಬಂತು!” ಎಂದು ಇವರು ಕೂಗುವುದಕ್ಕೂ ದಾರ ಟಪ್ಪೆನ್ನುವುದಕ್ಕೂ ಸರಿಹೋಯಿತು. ಇನ್ನೊಂದು ಹುಳು ತೆಗೆದೆ, ಗಂಟು ಹಾಕಿದೆ, ಕಣ್ಣಿಗೊತ್ತಿಕೊಂಡೆ, ಬಿಗಿದೆ. ಮತ್ತೆ ಕಚ್ಚಿತು. ಮತ್ತೆ ಟಪ್!

“ನಮಸ್ಕಾರ ಸಾಲ್ಲಿಲ್ಲ ಅನ್ಸತ್ತೆ. ಈ ಸಲ ಅಡ್ಡ ಬೀಳು,” ಎಂದರು ಇವರು.

ಡೇಲ್ ತುಂಡಾದ ತುದಿಯನ್ನು ಬೆರಳಲ್ಲಿ ಹಿಡಿದರು. ಅದು ಮುಂಗುರುಳಿನಂತೆ ಸುರುಳಿಯಾಗಿತ್ತು. “ಬಿಗಿಯುವ ಮುಂಚೆ ಗಂಟನ್ನು ಒದ್ದೆ ಮಾಡಿದೆಯಾ? ಒಣಗಂಟು ಬಿಗಿದರೆ ಉಜ್ಜಿ ಬಿಸಿಯಾಗಿ ಸುಡುತ್ತೆ. ಈ ದಾರಕ್ಕಂತೂ ಅದು ಸ್ವಲ್ಪವೂ ಆಗದು. ಬಾಯಲ್ಲಿಟ್ಟು ಎಂಜಲು ಮಾಡಿ ಬಿಗಿಯಬೇಕು.”

ಹಾಗಾದರೆ ಆ ಗಡ್ಡದ ಸಜ್ಜನ ಮುತ್ತಿಡುತ್ತಿರಲಿಲ್ಲ!

ಎಂಜಲು! ತವರಿನಲ್ಲಿಯೂ ಲೋಟ ಎತ್ತಿಯೇ ಕುಡಿಯುವವಳು ನಾನು. ಆ ದಾರವೋ, ಕೆರೆಯ ಕೆಸರನ್ನೂ ಯಾವುದೋ ಮೀನಿನ ಬಾಯನ್ನೂ ಸುತ್ತಿಕೊಂಡು ಬಂದದ್ದು. ನಾನು ಕಲ್ಲಾಗಿ ಕೂತಿದ್ದು ನೋಡಿ ಡೇಲ್, “ಕೊಡು, ನಾನೇ ಮಾಡ್ತೀನಿ,” ಎಂದು ಕೈ ಚಾಚಿದರು. ಬೆಳಗಿನಿಂದ ಒಣಮಾಂಸದ ಪಟ್ಟಿ ಅಗಿಯುತ್ತಿದ್ದ ಬಾಯಿ ಅದು! ನಾನು ದಾರವನ್ನು ಸೆಳೆದುಕೊಂಡೆ.

ನನ್ನ ಶನಿವಾರಗಳು ಕಣ್ಣ ಮುಂದೆ ಹಾದುಹೋದವು. ತಡವಾಗಿ ಏಳುವ ಬೆಳಗುಗಳು, ಇವರು ಮಾಡಬೇಕಾದ ಉಪ್ಪಿಟ್ಟು, ಇಬ್ಬರೂ ಜೊತೆಯಾಗಿ ಹತ್ತಬೇಕಾದ ಫೆರಿ. ಕಣ್ಣು ಮುಚ್ಚಿದೆ. ವಂಶದ ಹಿರಿಯರ ಕ್ಷಮೆ ಕೇಳಿದೆ. ಗಂಟು ಬಾಯಿಗೆ ಹೋಯಿತು! ಹೊರಗೆ ತೆಗೆದು ಎಳೆದರೆ ಬೆಣ್ಣೆಯಲ್ಲಿ ಜಾರಿದಂತೆ ಬಂದು ನುಣ್ಣಗೆ ಕೂತಿತು.

ಇವರು ಗಾಳ ಬೀಸಿದರು. ನಾನು ನೀರಿನ ಬಾಟಲಿ ಹಿಡಿದು ದೋಣಿಯ ಆಚೆ ಬದಿಗೆ ತಿರುಗಿದೆ. ಬಾಯಿ ಮುಕ್ಕಳಿಸಿದೆ. ಸಮಾಧಾನವಾಗಲಿಲ್ಲ. ಮತ್ತೆ ಮುಕ್ಕಳಿಸಿದೆ. ಇನ್ನೊಮ್ಮೆ ಬಾಯಿ ತುಂಬಿಕೊಂಡಿದ್ದೆ, ಅಷ್ಟರಲ್ಲಿ ಬೆನ್ನ ಹಿಂದೆ ಗದ್ದಲ!

“ಬಂತು! ಬಂತು! ಸ್ಪಂದನಾ, ಫೋಟೋ!”

“ಊಂ!” ಎಂದೆ.

“ಏನು?”

“ಊಂ ಊಂ!”

ಉಗುಳೋಣವೆಂದರೆ ಮೀನು ದೋಣಿಯನ್ನು ಬಳಸಿಕೊಂಡು ನನ್ನ ಕಡೆಗೇ ಬಂದಿದೆ; ಡೇಲ್ ಬಲೆ ಹಿಡಿದು ನನ್ನ ಮೂಗಿನ ಕೆಳಗೇ ಬಗ್ಗಿದ್ದಾರೆ. ಹಿರಿಯರ ತಲೆಯ ಮೇಲೆ ಉಗುಳುವುದು ಹೇಗೆ? ಫೋನ್ ತೆಗೆದೆ. ಒದ್ದೆ ಬೆರಳಿಗೆ ಅದು ತೆರೆಯಲಿಲ್ಲ. ಸೀರೆಯಾದರೂ ಉಟ್ಟಿದ್ದರೆ ಸೆರಗಿಗೆ ಒರೆಸಿಕೊಳ್ಳಬಹುದಿತ್ತು. ಮೈಮೇಲಿದ್ದ ಲೈಫ್ ಜಾಕೆಟ್ ನನಗಿಂತ ಒದ್ದೆಯಾಗಿತ್ತು. ಇವರ ಅಂಗೈಯಲ್ಲಿ, ಬೆಳಗಿನ ಬಿಸಿಲಿನಲ್ಲಿ, ಕಂಚಿನ ಮೈಬಣ್ಣದ ಚೆಂದದ ಮೀನು ಹೊಳೆಯುತ್ತಿತ್ತು. ಇವರ ಮುಖ ಅದಕ್ಕಿಂತಲೂ ಹೊಳೆಯುತ್ತಿತ್ತು. ಆಮೇಲೆ ಮೀನು ಒಮ್ಮೆ ಬಾಲ ಬಡಿದು, ನನ್ನ ಕೆನ್ನೆಗೆ ಒಂದು ಹಿಡಿ ಕೆರೆ ಎರಚಿ, ನೀರಿಗೆ ಜಾರಿತು.

ಡೇಲ್ ಖಾಲಿ ಬಲೆಯನ್ನು ಎತ್ತಿಟ್ಟರು. ಆಮೇಲೆ ಮೆಲ್ಲಗೆ ವಿಚಾರಿಸಿದರು: “ಆಕೆ ಯಾಕೆ ಬಾಯಿ ತೊಳೆಯುತ್ತಿದ್ದಳು?”

ಕಶ್ಯಪ್ ಅವರಿಗೆ ಎಂಜಲಿನ ಶಾಸ್ತ್ರವನ್ನೆಲ್ಲ ಸಾವಧಾನವಾಗಿ ವಿವರಿಸಿದರು. ಡೇಲ್ ಗಂಭೀರವಾಗಿ ಕೇಳಿಸಿಕೊಂಡರು. ದೋಣಿಯ ಈ ಬದಿ ನೋಡಿದರು, ಆ ಬದಿ ನೋಡಿದರು, ದಿಗಂತದವರೆಗೆ ಹಬ್ಬಿದ ಕೆರೆಯನ್ನು ಒಮ್ಮೆ ಪೂರ್ತಿ ನೋಡಿದರು.

“ಹಾಗಿದ್ದರೆ ಇದರಲ್ಲೇ ಅದ್ದಬಹುದಿತ್ತಲ್ಲ? ನೀರಾದರೂ ನಡೆಯುತ್ತೆ.”

ನಮ್ಮೆಜಮಾನರು ನಗಲಿಲ್ಲ. ಅದು ಅವರ ದೊಡ್ಡತನ. ಭುಜ ಮಾತ್ರ ಕುಣಿಯುತ್ತಿತ್ತು. ಮುಂದಿನ ಶನಿವಾರಕ್ಕೆ ದೋಣಿ ಬಿಡುವಿದೆಯೇ ಎಂದು ಡೇಲ್ ಅವರನ್ನು ಕೇಳಿಕೊಂಡು, ನನ್ನ ಕಡೆ ತಿರುಗಿದರು.

“ಸೆಪ್ಟೆಂಬರ್ ಮುಗಿಯೋವರೆಗೂ ತುಟಿ ಬಿಚ್ಚಲ್ಲ ಅಂತ ಒಪ್ಪಿದ್ದೆ. ಏನಾದ್ರೂ ಹೇಳೋದಿದ್ರೆ ಈಗ್ಲೇ ಹೇಳ್ಬಿಡು.”

ಏನು ಹೇಳಲಿ? ಬಾಯಿ ತುಂಬ ಇನ್ನೂ ನೀರೇ ಇತ್ತು.