ಪಕ್ಕೀರವ್ವನ ದನಿ ಮದುವೆಗೆ ಹೋದದ್ದು

ಮದುವೆಗೆ ಪಕ್ಕೀರವ್ವನ ದನಿ ಬೇಕಿತ್ತು. ಪಕ್ಕೀರವ್ವ ಬೇಕಿರಲಿಲ್ಲ.

ಹಾಗಂತ ಯಾರೂ ನೇರವಾಗಿ ಹೇಳಲಿಲ್ಲ. ಅಳವಂಡಿಯಲ್ಲಿ ಇಂಥ ಮಾತನ್ನು ಹೇಳುವ ರೀತಿಯೇ ಬೇರೆ. ತಮ್ಮನ ಹೆಂಡತಿ, ಮದುಮಗಳು ರಂಜಿತಾಳ ತಾಯಿ ದುರುಗವ್ವ ಚಹಾ ಕುಡಿಯಲು ಬಂದಳು. ಬಸಿಯಲ್ಲಿ ಚಹಾ ಆರಿ ಕೆನೆ ಕಟ್ಟುವವರೆಗೆ ಕೂತಳು. ಆಮೇಲೆ ಗೋಡೆಗೆ ಹೇಳಿದಳು.

"ರಂಜಿತಾನ ಸುರಗಿ ನೀರಿಗೆ ಅಕ್ಕಾರು ಹಾಡಿದ್ರ ಭಾಳ ಛಲೋ ಇರ್ತಿತ್ತು."

"ಹಾಡ್ತೀನಿ, ಏನಾತು?" ಎಂದಳು ಪಕ್ಕೀರವ್ವ. ಏನಾಯಿತೆಂದು ಅವಳಿಗೂ ಗೊತ್ತಿತ್ತು.

ಎಂಟು ತಿಂಗಳ ಹಿಂದೆ ಗಂಡ ಗ್ಯಾನಪ್ಪ ಎದೆ ನೋವು ಎಂದು ಕಟ್ಟೆಯ ಮೇಲೆ ಕೂತ. ಏಳಲಿಲ್ಲ. ಅಲ್ಲಿಯವರೆಗೆ ಊರಲ್ಲಿ ಪಕ್ಕೀರವ್ವನ ಸೋಬಾನೆ ಇಲ್ಲದೆ ಮದುಮಗಳ ಸುರಗಿ ಸ್ನಾನವೇ ಇರಲಿಲ್ಲ. ಅವಳು ಬಾಯಿ ತೆರೆಯದಿದ್ದರೆ ಹಂಡೆಯ ನೀರೂ ಕಾಯುವುದಿಲ್ಲ ಎನ್ನುತ್ತಿದ್ದರು. (ಹೇಳುತ್ತಿದ್ದವಳು ಹೆಚ್ಚಾಗಿ ಪಕ್ಕೀರವ್ವನೇ.) ಗಂಡ ಹೋದ ಮೇಲೆ ಯಾರೂ ಕರೆಯಲಿಲ್ಲ. ಗಂಟಲು ಅದೇ ಇತ್ತು. ಹಣೆ ಬದಲಾಗಿತ್ತು.

"ಅಣ್ಣಾರು ಫೋನಿನ್ಯಾಗ ನಿಮ್ಮ ಹಾಡ ಹಿಡಿದಿಟ್ಟಿದ್ರಲ್ರೀ?" ಎಂದು ದುರುಗವ್ವ ಮೆಲ್ಲಗೆ ತೆಗೆದಳು. "ಆವಾಗ ನೀವು ಮುತ್ತೈದಿ ಇದ್ರಿ. ಅಂದ್ರ ಆ ದನಿ ಇನ್ನೂ ಮುತ್ತೈದಿನ. ಅದನ್ನ ಮೈಕಿನ್ಯಾಗ ಹಚ್ಚಿದ್ರ ಯಾರೂ ಏನೂ ಅನ್ನಂಗಿಲ್ಲ."

"ಹಂಗಾದ್ರ ನನ್ನ ದನಿಗೆ ಒಂದು ಸೀರಿ ಆಯೇರಿ ಮಾಡ್ರಿ. ಪಂಕ್ತಿಯಾಗ ಕುಂದ್ರಿಸಿ ಊಟಕ್ಕ ಹಾಕ್ರಿ. ನಾ ಮನ್ಯಾಗ ಬಿದ್ದಿರ್ತೀನಿ."

ಹಾಗೆ ಚುಚ್ಚಿ ಕಳಿಸಿದಳು. ಕಳಿಸಿದ ಮೇಲೆ ಟ್ರಂಕಿನಿಂದ ಫೋನು ತೆಗೆದಳು. ರಂಜಿತಾ ಹುಟ್ಟಿದಾಗ ಕಾಲ ಮೇಲೆ ಮಲಗಿಸಿಕೊಂಡು ಮೊದಲ ನೀರು ಎರೆದವಳು ಪಕ್ಕೀರವ್ವ. ಆ ನೀರಿಗೂ ಹಾಡಿದ್ದಳು. ಈ ನೀರಿಗೂ ಹಾಡಬೇಕೆಂಬುದು ಅವಳ ಒಂದೇ ಆಸೆ. ತಾನು ಬೇಡವಾದರೆ ತನ್ನ ದನಿಯಾದರೂ ಹೋಗಿಬರಲಿ.

ಫೋನು ಗ್ಯಾನಪ್ಪನಿಗಿಂತ ಹೆಚ್ಚು ದಿನ ಬಾಳಿತ್ತು, ಆದರೆ ಹಾಸಿಗೆ ಹಿಡಿದಿತ್ತು. ಬ್ಯಾಟರಿ ಹೋಳಿಗೆಯಂತೆ ಉಬ್ಬಿತ್ತು. ಚಾರ್ಜರಿನ ವೈರು ಕಿತ್ತರೆ ಜೀವ ಹೋಗುತ್ತಿತ್ತು. ಸ್ಪೀಕರಿನಿಂದ ಉಸಿರೇ ಬರುತ್ತಿರಲಿಲ್ಲ. ಮೈಕಿನ ಉಮರಸಾಬ ಅದನ್ನು ದೂರದಿಂದಲೇ ನೋಡಿದ.

"ಅಕ್ಕಾ, ಅದನ್ನ ನನ್ನ ಮೈಕಿನ ಡಬ್ಬಿ ಹತ್ರ ತರಬ್ಯಾಡ. ಹಾಡು ಪೆನ್‌ಡ್ರೈವಿನ್ಯಾಗ ಹಾಕಿ ತಂದ್ಕೊಡು. ಇಲ್ಲಂದ್ರ ಸುರಗಿ ನೀರಿಗೆ ಬದಲಿ ಬೆಂಕಿ ಹತ್ತತೈತಿ."

ಪಕ್ಕೀರವ್ವ ಹೈಸ್ಕೂಲಿನಲ್ಲಿ ಬಿಸಿಯೂಟ ಮಾಡುವವಳು. ಅಡಿಗೆ ಕೋಣೆಯ ಆಚೆಗೇ ಕಂಪ್ಯೂಟರ್ ಕೋಣೆ. ಅದರ ಅಧಿಪತಿ ಹಂಪಣ್ಣ ಮಾಸ್ತರ. ಅಲ್ಲಿದ್ದ ಕಂಪ್ಯೂಟರಿಗೆ ಕೋಳಿಯೂ ಅಲ್ಲದ ಕಾಗೆಯೂ ಅಲ್ಲದ ಒಂದು ಹಕ್ಕಿಯ ಚಿತ್ರ ಅಂಟಿಸಿತ್ತು.

"ಇದು ಲಿನಕ್ಸ್ ರೀ ಅಕ್ಕಾರ. ಎಲ್ಲಾ ಕಂಪ್ಯೂಟರಿನಂಗ ಅಲ್ಲ. ಇದಕ್ಕ ವೈರಸ್ ಬರಂಗಿಲ್ಲ, ರೊಕ್ಕ ಕೊಡಂಗಿಲ್ಲ, ಭಾಳ ಶಾಣ್ಯಾ."

"ಹಂಗಾದ್ರ ಕೆಲಸಾನೂ ಮಾಡಂಗಿಲ್ಲ ಬಿಡ್ರಿ," ಎಂದಳು ಪಕ್ಕೀರವ್ವ. ಅವಳಿಗೆ ಸರಕಾರಿ ಗ್ಯಾಸ್ ಒಲೆಯ ಅನುಭವ ಇತ್ತು.

ಮೊದಲ ದಿನ ಹಂಪಣ್ಣ ವೈರಿನ ಒಂದು ತುದಿ ಕಂಪ್ಯೂಟರಿಗೆ ಚುಚ್ಚಿದ. ಇನ್ನೊಂದು ತುದಿಯಲ್ಲಿ ಫೋನು, ಫೋನಿನ ಹಿಂದೆ ಪಕ್ಕೀರವ್ವ. ಅದನ್ನು ಅವಳು ಮಾಸ್ತರನ ಕೈಗೆ ಕೊಡಲಿಲ್ಲ. ಅವನ ಕೈ ತುಂಬ ಸೀಮೆಸುಣ್ಣದ ಪುಡಿ. ತಾನೇ ಎರಡೂ ಕೈಯಲ್ಲಿ ಆರತಿ ತಟ್ಟೆಯಂತೆ ಹಿಡಿದು ನಿಂತಳು. ಫೋನು ಗುರ್ರ್ ಎಂದಿತು. ಕಂಪ್ಯೂಟರು ಸ್ವಲ್ಪ ಯೋಚನೆ ಮಾಡಿ, ಫೋನು ತೆರೆಯಲು ಆಗುವುದಿಲ್ಲ ಎಂದು ಬರೆದು ತೋರಿಸಿತು.

"ವೈರ್ ಸರಿ ಇಲ್ಲ," ಎಂದ ಹಂಪಣ್ಣ.

ಎರಡನೇ ದಿನ ಹೆಡ್‌ಮಾಸ್ತರರ ವೈರು ಬಂತು. ಗುಮಾಸ್ತೆಯ ವೈರು ಬಂತು. ಜತೆಗೆ ಅಡಿಗೆ ಮಾಡುವ ಕಾಸೀಮಬೀ ತನ್ನ ಅಳಿಯನ ವೈರು ತಂದಳು. ಪ್ರತಿ ಸಲವೂ ಫೋನು ಗುರ್ರ್ ಎನ್ನುತ್ತಿತ್ತು. ಕಂಪ್ಯೂಟರು ಒಲ್ಲೆ ಎನ್ನುತ್ತಿತ್ತು.

ಮೂರನೇ ದಿನ ಹಂಪಣ್ಣ ಕರಿ ಪರದೆ ತೆರೆದು ಬಿಳಿ ಅಕ್ಷರಗಳಲ್ಲಿ ಏನೇನೋ ಮಂತ್ರ ಹೊಡೆಯತೊಡಗಿದ. ಹಣೆಯಲ್ಲಿ ಬೆವರು. ಪಕ್ಕೀರವ್ವ ಹುಲಿಗೆಮ್ಮನಿಗೆ ಹರಕೆ ಹೊತ್ತಳು. ಬಾಗಿಲಲ್ಲಿ ಕಾಸೀಮಬೀ ಸೌಟು ಹಿಡಿದು ನಿಂತಳು.

"ಸರ್, ಒಳಗ ಅನ್ನ ಕುದ್ದು ಅಂಬಲಿ ಆತು. ನಿಮ್ಮ ಹಾಡು ಇನ್ನೂ ಅಕ್ಕಿನ ಐತಿ."

ಆ ದಿನ ಮಕ್ಕಳು ತಳ ಹತ್ತಿದ ಸಾರು ಉಂಡರು.

ಹಂಪಣ್ಣ ಸೋತು ಕುರ್ಚಿಗೆ ಒರಗಿದ. ಆಮೇಲೆ, ಏನೋ ಹೊಳೆದವನಂತೆ ಕೇಳಿದ.

"ಅಕ್ಕಾರ, ವೈರ್ ಹಚ್ಚಿದ ಕೂಡ್ಲೆ ಫೋನ್ ಏನರ ಕೇಳತೈತೇನ್ರಿ?"

"ಹೂಂ, ಕೇಳತೈತಲ್ಲ. ಪ್ರತಿ ಸಲ ಕೇಳತೈತಿ."

"ನೀವು ಏನ್ ಮಾಡ್ತೀರಿ?"

"ಎಡಗಡೆದು ಒತ್ತತೀನಿ."

"ಎಡಗಡೆ ಅಂದ್ರ..."

"ಬ್ಯಾಡ ಅಂತ."

ಹಂಪಣ್ಣ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಮೂರು ದಿನದಿಂದ ಫೋನು ಪಾಪ, ಈ ಕಂಪ್ಯೂಟರಿಗೆ ನನ್ನೊಳಗಿನದನ್ನು ತೋರಿಸಲೇ ಎಂದು ಅಪ್ಪಣೆ ಕೇಳುತ್ತಲೇ ಇತ್ತು. ಪಕ್ಕೀರವ್ವ ಬೇಡ ಎನ್ನುತ್ತಲೇ ಇದ್ದಳು.

"ಯಾಕ್ರೀ ಅಕ್ಕಾರ?"

"ಅವರ ಹೇಳಿದ್ರು. ಫೋನು ಏನು ಕೇಳಿದ್ರೂ ಎಡಗಡೆ ಒತ್ತು, ಬಲಗಡೆ ಒತ್ತಿದ್ರ ರೊಕ್ಕ ಕಟ್ಟಾಗತೈತಿ ಅಂತ."

ಬದುಕಿದ್ದಾಗ ಇಪ್ಪತ್ತೆರಡು ವರ್ಷ ಗಂಡನ ಒಂದು ಮಾತೂ ಕೇಳದ ಹೆಂಗಸು ಅವಳು. ಸತ್ತ ಮೇಲೆ ಒಂದನ್ನು ಕೇಳಿದಳು. ಅದೇ ಅಡ್ಡ ಬಂತು.

ಗುರ್ರ್ ಎಂದಿತು. ಪಕ್ಕೀರವ್ವ ಕಣ್ಣು ಮುಚ್ಚಿ ಬಲಗಡೆ ಒತ್ತಿದಳು. ಒಲ್ಲೆ ಒಲ್ಲೆ ಎನ್ನುತ್ತಿದ್ದ ಲಿನಕ್ಸ್ ಮಹಾಶಯ ಬಾಗಿಲು ತೆರೆದು ಗ್ಯಾನಪ್ಪನ ಸಂಸಾರವನ್ನೆಲ್ಲ ಪರದೆಯ ಮೇಲೆ ಹರವಿದ. ಆಡಿನ ಫೋಟೋ ನಲವತ್ತು. ಹೆಂಡತಿಯದು ಎರಡು. ಕಡೆಗೆ ಹಾಡು ಸಿಕ್ಕಿತು.

ಹಂಪಣ್ಣ ಅದನ್ನು ಹಚ್ಚಿದ.

"ನೀರ ಎರೆಯಿರೆ ನಮ್ಮ ನಿಂಬಿ ಬಣ್ಣದ ಮಗಳೀಗಿ..."

ಅವಳ ದನಿ ಕೋಣೆ ತುಂಬಿತು. ಹಂಪಣ್ಣ ತಲೆದೂಗಿದ. ಪಕ್ಕೀರವ್ವನಿಗೂ ತನ್ನ ಮೇಲೆ ತನಗೇ ಹೆಮ್ಮೆ ಬಂತು. ಅದು ಮೂರು ಸಾಲು ಬಾಳಿತು. ನಾಲ್ಕನೇ ಸಾಲಿನಲ್ಲಿ ಹಾಡು ನಿಂತು ಬೈಗುಳ ಸುರುವಾಯಿತು. ಹಾಡು ಹಿಡಿಯುತ್ತಿದ್ದ ಗಂಡನಿಗೆ ಹಾಡುತ್ತಿದ್ದ ಹೆಂಡತಿ ಬೈದದ್ದು. ಮತ್ತೆ ಎರಡು ಸಾಲು ಹಾಡು. ಮತ್ತೆ ಬೈಗುಳ. ಕಾಸೀಮಬೀ ನಕ್ಕು ನಕ್ಕು ಸೌಟು ಕೆಡವಿದಳು.

"ಅದನ್ನ ಕತ್ತರಿಸ್ರಿ ಸರ್!"

"ಕತ್ತರಿಸಬಹುದ್ರಿ. ಆದ್ರ ಹಾಡು ಎರಡು ನಿಮಿಷ ಐತಿ, ಬೈಗುಳ ಐದು."

"ಎರಡ ಸಾಕು. ಮತ್ತ ಹುಲಿಗೆಮ್ಮನ ಆಣಿ, ಈ ಸುದ್ದಿ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ."

ಹಂಪಣ್ಣ ಆಣೆ ಮಾಡಿದ. ಬೈಗುಳ ಕಳೆದು ಹಾಡನ್ನು ಅಕ್ಕಿಯಂತೆ ಆರಿಸಿ ಪೆನ್‌ಡ್ರೈವಿಗೆ ಹಾಕಿದ. "ಆರಿಸದೆ ಇದ್ದದ್ದೂ ಜತಿಗೆ ಇರ್ಲಿ, ಜಾಗಾ ಐತಿ," ಎಂದ.

ಸುರಗಿಯ ದಿನ ಅಂಗಳದ ನಾಲ್ಕು ಮೂಲೆಗೆ ಚೊಂಬು ಇಟ್ಟು ನೂಲು ಸುತ್ತಿದರು. ನಡುವೆ ಅರಿಶಿನ ಮೆತ್ತಿಕೊಂಡ ರಂಜಿತಾ. ಪಕ್ಕೀರವ್ವ ಕಾಸೀಮಬೀ ಜತೆ ಹಿತ್ತಿಲಲ್ಲಿ ಬದನೆಕಾಯಿ ಪಲ್ಯದ ಕೊಪ್ಪರಿಗೆಯ ಹಿಂದೆ ನಿಂತಿದ್ದಳು. ಉಮರಸಾಬ ಗುಂಡಿ ಒತ್ತಿದ. ಬೇವಿನ ಮರದ ಮೇಲಿನ ಮೈಕಿನಿಂದ ಅವಳ ದನಿ ಇಳಿಯಿತು. ರಂಜಿತಾ ಒದ್ದೆ ರೆಪ್ಪೆ ಎತ್ತಿ ಹಿತ್ತಿಲ ಕಡೆ ನೋಡಿದಳು. ಪಕ್ಕೀರವ್ವ ಹೊಗೆ ಕಣ್ಣಿಗೆ ಹೋಯಿತೆಂದಳು. ಒಲೆ ಗ್ಯಾಸಿನದು.

ಅಷ್ಟರಲ್ಲಿ ಗಂಡಿನ ದೊಡ್ಡಮ್ಮ ಮುದುಕವ್ವ ಕೈ ಎತ್ತಿದಳು. ಶ್ರೀರಾಮನಗರದವಳು. ಅವಳ ಗದ್ದೆಗೆ ಎರಡು ಬೆಳೆ, ಬಾಯಿಗೆ ಮೂರು.

"ಯಾರದವಾ ಇದು ದನಿ?"

"ನಮ್ಮ ಪಕ್ಕೀರವ್ವಕ್ಕಂದ್ರಿ," ಎಂದಳು ದುರುಗವ್ವ.

"ಆಕಿ ಗಂಡ ತೀರಿಕೊಂಡಾನಲ್ಲ?"

"ಇದು ಅವರು ಇದ್ದಾಗ ಹಾಡಿದ್ದು ರೀ."

"ಇದ್ದಾಗ ಹಾಡಿದ್ದೋ, ಹೋದ ಮ್ಯಾಲೆ ಹಾಡಿದ್ದೋ, ಯಾರು ನೋಡ್ಯಾರ? ಶರಣಬಸವ, ನೋಡಪಾ."

ಶರಣಬಸವ ಗಂಡಿನ ಸೋದರಮಾವ, ಪಂಚಾಯತಿಯಲ್ಲಿ ಕಂಪ್ಯೂಟರ್ ನೋಡುವವನು. ಮದುವೆಗೂ ಲ್ಯಾಪ್‌ಟಾಪ್ ತಂದಿದ್ದ. ಪೆನ್‌ಡ್ರೈವ್ ಚುಚ್ಚಿ ನೋಡಿ, ಅದನ್ನು ಉಮರಸಾಬನ ಕೈಗೆ ಮರಳಿಸಿ ತೀರ್ಪು ಕೊಟ್ಟ. "ತಾರೀಕು ಮೊನ್ನಿ ಗುರುವಾರದ್ದು ಐತಿ."

ತುಂಬಿದ ತಂಬಿಗೆ ಎತ್ತಿದ ಕೈಗಳು ಹಾಗೇ ನಿಂತವು.

"ಅದು ಕತ್ತರಿಸಿದ ತಾರೀಕು ರೀ!" ಎಂದ, ಊಟಕ್ಕೆ ಬಂದಿದ್ದ ಹಂಪಣ್ಣ.

"ಏನ ಕತ್ತರಿಸಿದ್ರಿ?" ಎಂದ ಶರಣಬಸವ.

ಹಂಪಣ್ಣನಿಗೆ ಆಣೆ ನೆನಪಾಯಿತು. ಹಿತ್ತಿಲ ಕಡೆ ನೋಡಿ ಬಾಯಿ ಮುಚ್ಚಿದ. ಅದನ್ನು ನೋಡಿ ಎಲ್ಲರಿಗೂ ಅನುಮಾನ ಗಟ್ಟಿಯಾಯಿತು.

ರಂಜಿತಾ ನಡುಗುತ್ತಿದ್ದಳು. ನೀರು ಆರುತ್ತಿತ್ತು. ಇನ್ನೊಂದು ಗಳಿಗೆಗೆ ದನಿಯನ್ನೂ ಹಿತ್ತಿಲಿಗೆ ಕಳಿಸುತ್ತಾರೆ. ಪಕ್ಕೀರವ್ವ ಸೌಟು ಹಿಡಿದೇ ಹೊರಗೆ ಬಂದಳು.

"ಉಮರಸಾಬಣ್ಣಾ, ಎರಡನೇದು ಹಚ್ಚು, ಆರಿಸದೆ ಇದ್ದದ್ದು."

"ಬ್ಯಾಡ ಅಕ್ಕಾ!" ಎಂದಳು ಹಿಂದಿನಿಂದ ಕಾಸೀಮಬೀ.

"ಹಚ್ಚು."

ಮೂರು ಸಾಲು ಹಾಡು. ಆಮೇಲೆ ಬೇವಿನ ಮರ ಒದರಿತು.

"ಏ! ಹಾಲು ನೋಡು, ಹಾಲು! ಒಲಿ ಮುಂದ ನಿಂತು ಒಲಿ ಕಾಣವಲ್ದ ನಿನಗ? ಆ ಡಬ್ಬಿ ಹಿಡಕೊಂಡು ನಿಂತಾನ ನೋಡು, ಕರೆಂಟಿನ ಕಂಬ ನಿಂತಂಗ!"

"ನಿನ್ನ ಹಾಡ ಹಿಡಿಯಾಕತ್ತೀನೇ," ಎಂದಿತು ಗ್ಯಾನಪ್ಪನ ದನಿ. ಮೆತ್ತಗೆ. ಎಂಟು ತಿಂಗಳ ಮೇಲೆ ಊರು ಅದನ್ನು ಕೇಳಿತು.

"ಹಿಡಿದು ಏನ್ ಮಾಡ್ತಿ? ನಾ ಏನು ಸಾಯಾಕತ್ತೀನೇನು? ನಿನ್ನ ಕಳಿಸೇ ಹೋಗಾಕಿ ನಾ!"

"ಗೊತ್ತೈತಿ. ಹಾಡು."

ಸೊಯ್ಯ್ ಎಂದು ಸಪ್ಪಳ.

"ಉಕ್ಕಿತು," ಎಂದ ಗ್ಯಾನಪ್ಪ.

ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ತಡೆಯಲಾಗಲಿಲ್ಲ. ಮದುಮಗಳು ನಕ್ಕಳು, ನೂಲು ಹಿಡಿದವರು ನಕ್ಕರು, ನೂಲು ಹರಿಯಿತು. ಉಮರಸಾಬ ಡಬ್ಬಿಯ ಮೇಲೆ ತಲೆ ಇಟ್ಟು ನಕ್ಕ. ನಗದೆ ನಿಂತವರು ಇಬ್ಬರು. ಪಕ್ಕೀರವ್ವ ಮತ್ತು ಮುದುಕವ್ವ. ಮುದುಕವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಸತ್ತ ಗಂಡನ್ನ ಯಾರೂ ಹಿಂಗ ಬೈಯಂಗಿಲ್ಲ. ಇದು ಮುತ್ತೈದಿ ದನಿನ. ಮ್ಯಾಲೆ ಹಾಲೂ ಉಕ್ಕೈತಿ. ಎರೀರೆವಾ ನೀರು!"

ನೀರು ಬಿತ್ತು. ಉಳಿದ ಹಾಡೂ ಆಯಿತು, ಉಳಿದ ಬೈಗುಳವೂ ಆಯಿತು, ಏಳು ನಿಮಿಷ ಪೂರ್ತಿ. ಪಕ್ಕೀರವ್ವ ಹಿತ್ತಿಲಿಗೆ ಬಂದಾಗ ಪಲ್ಯ ತಳ ಹಿಡಿದಿತ್ತು. ಬಾಗಿ, ಯಾರಿಗೂ ಮುಖ ಕಾಣದಂತೆ ಅದನ್ನು ಬಹಳ ಹೊತ್ತು ಕೆರೆದಳು.

ಈಗ ಕುಷ್ಟಗಿವರೆಗೂ ಉಮರಸಾಬನ ಮೈಕು ಹೋದಲ್ಲೆಲ್ಲ ಎರಡನೇದೇ ಹಚ್ಚು ಎನ್ನುತ್ತಾರೆ. ಮೊನ್ನೆ ಯಲಬುರ್ಗಾದ ಬೀಗರು ಅವಳ ಮನೆಗೇ ಬಂದರು. ಹಾಡು ಬೇಡವಂತೆ. ಮದುಮಗನಿಗೆ ಮೊದಲೇ ತಿಳಿದಿರಲಿ, ಬೈಗುಳವಷ್ಟೇ ಆರಿಸಿ ಕೊಡಬೇಕಂತೆ.

ಪಕ್ಕೀರವ್ವ ಪೆನ್‌ಡ್ರೈವ್ ಹಿಡಿದು ಕಂಪ್ಯೂಟರ್ ಕೋಣೆಗೆ ಹೋದಳು.

"ಹಂಗಾದ್ರ ಹಾಡು ತಗದು ಬಿಡ್ಲೇನ್ರಿ?" ಎಂದ ಹಂಪಣ್ಣ.

"ಬ್ಯಾಡ್ರಿ ಸರ್," ಎಂದಳು. "ಇರ್ಲಿ. ಬೈಯುವಾಗ ನಡುವ ಉಸಿರು ತಗೊಳ್ಳಾಕ ಬೇಕಾಗತೈತಿ."